ಜೀರೋ ನೋಡಿದ್ದಾಯಿತು, ಪೆಟ್ರೋಲ್ ಎಂಥದ್ದು?

ಗುತ್ತೂರು, ಹರಿಹರ, ದಾವಣಗೆರೆ ಎಲ್ಲಿಯ ಪೆಟ್ರೋಲ್ ಬಂಕಿಗೆ ಹೋದರೂ ಮೊದಲು ಕಿವಿಗೆ ಬೀಳುವ ಮಾತು ‘ಜೀರೋ ನೋಡಿ ಸಾರ್’. ಗ್ರಾಹಕ ಮೀಟರಿನ ಸೊನ್ನೆ ನೋಡಿ ತಲೆಯಾಡಿಸುತ್ತಾನೆ. ನೂರು, ಇನ್ನೂರು ರೂಪಾಯಿಯದು ಹಾಕಿಸಿಕೊಂಡು ಹೊರಡುತ್ತಾನೆ. ಅಳತೆಯ ಬಗ್ಗೆ ಇಷ್ಟು ಎಚ್ಚರ ವಹಿಸುವ ನಾವು ಪೆಟ್ರೋಲಿನ ಗುಣದ ಬಗ್ಗೆ ಕೇಳುವುದು ಅಪರೂಪ. ಆದರೆ ಕಳೆದ ಮೂವತ್ತು ವರ್ಷಗಳಲ್ಲಿ ಬದಲಾದದ್ದು ಅಳತೆಯಲ್ಲ, ಗುಣ.

ಅಮೆರಿಕದಲ್ಲಿ ಸಾಮಾನ್ಯವಾಗಿ ವಾಹನದವನೇ ಕೆಳಗಿಳಿದು ಪೈಪು ಹಿಡಿಯುತ್ತಾನೆ. ಪಂಪಿನ ಮೇಲೆ 87, 89, 91 ಅಥವಾ 93 ಎಂದು ಬರೆದ ಗುಂಡಿಗಳಿರುತ್ತವೆ. ಅವುಗಳಲ್ಲಿ ಒಂದನ್ನು ಅವನೇ ಒತ್ತಬೇಕು. ಇವು ಆಕ್ಟೇನ್ ಸಂಖ್ಯೆಗಳು. ಸಿಲಿಂಡರಿನ ಒತ್ತಡಕ್ಕೆ ಪೆಟ್ರೋಲ್ ತನಗೆ ತಾನೇ ಹೊತ್ತಿಕೊಂಡರೆ ಎಂಜಿನ್ ಟಕಟಕ ಬಡಿಯುತ್ತದೆ. ಅದನ್ನು ತಡೆಯುವ ಶಕ್ತಿಯೇ ಆಕ್ಟೇನ್. ನಮ್ಮಲ್ಲೂ ಯೂರೋಪಿನಲ್ಲೂ ಒಂದು ಪರೀಕ್ಷೆಯ ಅಂಕಿಯನ್ನು ಬರೆದರೆ, ಅಮೆರಿಕದವರು ಎರಡು ಪರೀಕ್ಷೆಗಳ ಸರಾಸರಿ ಬರೆಯುತ್ತಾರೆ. ಹೀಗಾಗಿ ಅವರ 87 ಹೆಚ್ಚುಕಡಿಮೆ ನಮ್ಮ 91ಕ್ಕೆ ಸಮ. ಯೂರೋಪಿನಲ್ಲಿ ಸಾಮಾನ್ಯ ಪೆಟ್ರೋಲೇ 95.

1990ರ ದಶಕದಲ್ಲಿ ನಮ್ಮ ಸಾಮಾನ್ಯ ಪೆಟ್ರೋಲಿನ ಆಕ್ಟೇನ್ ನಮ್ಮ ಲೆಕ್ಕದಲ್ಲೇ 87 ಇತ್ತು. ಭಾರತ್–3 ಮಾನದಂಡ 2010ರಲ್ಲಿ ದೇಶಕ್ಕೆಲ್ಲ ಬಂದಾಗ ಅದು 91ಕ್ಕೆ ಏರಿತು. ಹಿಂದೆ ಆಕ್ಟೇನ್ ಏರಿಸಲು ಸುಲಭದ ದಾರಿಯೆಂದರೆ ಸೀಸ. ಅಮೆರಿಕದ ಥಾಮಸ್ ಮಿಜ್ಲಿ 1921ರಲ್ಲಿ ಕಂಡುಕೊಂಡ ಈ ಉಪಾಯ ಜಗತ್ತನ್ನೆಲ್ಲ ವ್ಯಾಪಿಸಿತು. ಹೊಗೆಯ ಜೊತೆ ಹೊರಬಂದ ಸೀಸ ಮಕ್ಕಳ ಮಿದುಳಿನ ಬೆಳವಣಿಗೆಗೆ ಹಾನಿ ಮಾಡಿತು. ಭಾರತದಲ್ಲಿ ಸೀಸರಹಿತ ಪೆಟ್ರೋಲ್ 1995ರ ಏಪ್ರಿಲ್‌ನಲ್ಲಿ ನಾಲ್ಕು ಮಹಾನಗರಗಳಿಗೆ ಬಂತು. 2000ದ ಫೆಬ್ರುವರಿಯಿಂದ ದೇಶವಿಡೀ ಅದೇ ಆಯಿತು. ಜಗತ್ತಿನಲ್ಲಿ ಕೊನೆಯದಾಗಿ ಸೀಸ ಕೈಬಿಟ್ಟ ದೇಶ ಅಲ್ಜೀರಿಯ, 2021ರಲ್ಲಿ. ಅಷ್ಟು ವರ್ಷವೂ ಬಂಕಿನ ಮೀಟರು ಸರಿಯಾಗಿ ಸೊನ್ನೆಯನ್ನೇ ತೋರಿಸುತ್ತಿತ್ತೆಂಬುದು ಬೇರೆ ಮಾತು.

ಪೈಪು ಯಾರು ಹಿಡಿಯಬೇಕೆಂಬುದೂ ದೇಶದಿಂದ ದೇಶಕ್ಕೆ ಬೇರೆ. ಜಪಾನ್ ಗ್ರಾಹಕರ ಕೈಗೆ ಪೈಪು ಕೊಟ್ಟದ್ದು 1998ರಲ್ಲಿ. ಅಮೆರಿಕದಲ್ಲೇ ನ್ಯೂಜೆರ್ಸಿ ರಾಜ್ಯ 1949ರಿಂದ ಅದನ್ನು ನಿಷೇಧಿಸಿದೆ. ಬ್ರೆಜಿಲ್ 2000ದಲ್ಲಿ ಕಾನೂನು ಮಾಡಿ ಬಂಕಿನ ನೌಕರರ ಕೆಲಸ ಉಳಿಸಿತು. ನಮ್ಮಲ್ಲೂ ಈ ಕೆಲಸದಿಂದ ಎಷ್ಟೋ ಮನೆಗಳ ಒಲೆ ಉರಿಯುತ್ತಿದೆ, ಅದು ಉಳಿಯಬೇಕಾದ್ದೇ. ಆದರೆ ತಾನೇ ಗುಂಡಿ ಒತ್ತುವವನು ಪಂಪಿನ ಬರಹ ಓದಲೇಬೇಕು, ನಮಗೆ ಆ ಅಗತ್ಯ ಬೀಳುವುದಿಲ್ಲ.

ಈಗ ಆ ಅಗತ್ಯ ಬಂದಿದೆ. ಶೇ 20ರಷ್ಟು ಎಥೆನಾಲ್ ಬೆರೆಸಿದ ‘ಇ–20’ ಪೆಟ್ರೋಲಿಗೆ 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಚಾಲನೆ ದೊರೆಯಿತು. 2025ರ ಹೊತ್ತಿಗೆ ಬಹುತೇಕ ಬಂಕುಗಳ ಸಾಮಾನ್ಯ ಪೆಟ್ರೋಲೇ ಅದಾಯಿತು. ಎಥೆನಾಲಿನ ಮೂಲ ಕಬ್ಬು, ಮೆಕ್ಕೆಜೋಳ ಮತ್ತು ಅಕ್ಕಿ. ಮೆಕ್ಕೆಜೋಳಕ್ಕೆ ಹೆಸರಾದ ದಾವಣಗೆರೆ ಜಿಲ್ಲೆಯ ರೈತರಿಗೆ ಇದು ಹೊಸ ಮಾರುಕಟ್ಟೆ. ದೇಶಕ್ಕೆ ಆಮದು ತೈಲದ ಉಳಿತಾಯ. ಆದರೆ ಲೀಟರ್ ಎಥೆನಾಲಿನಲ್ಲಿರುವ ಶಕ್ತಿ ಲೀಟರ್ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ. ಹಾಗಾಗಿ ಮೈಲೇಜ್ ಸ್ವಲ್ಪ ಇಳಿಯುತ್ತದೆ. ಹಳೆಯ ಸ್ಕೂಟರುಗಳ ರಬ್ಬರ್ ಭಾಗಗಳು ಬೇಗ ಸವೆಯಬಹುದು. ಬ್ರಿಟನ್ 2021ರಲ್ಲಿ ಶೇ 10ರ ಮಿಶ್ರಣ ತಂದಾಗ ಹಳೆಯ ವಾಹನಗಳಿಗೆಂದು ‘ಸೂಪರ್’ ದರ್ಜೆಯಲ್ಲಿ ಶೇ 5ರ ಪೆಟ್ರೋಲನ್ನು ಉಳಿಸಿತು. ನಮ್ಮಲ್ಲಿ ಎಥೆನಾಲ್ ಇಲ್ಲದ ಪೆಟ್ರೋಲಿನ ಆಯ್ಕೆಯೂ ಇರಲೆಂದು ಕೋರಿದ ಅರ್ಜಿಯನ್ನು ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್‌ನಲ್ಲಿ ವಜಾ ಮಾಡಿತು.

ಅಳತೆಯಲ್ಲಿ ಸಂಶಯವಿದ್ದರೆ ಮುದ್ರೆ ಹಾಕಿದ ಐದು ಲೀಟರ್ ಪಾತ್ರೆಯಲ್ಲಿ ಅಳೆದು ತೋರಿಸಲು ಕೇಳುವ ಹಕ್ಕು ಗ್ರಾಹಕನಿಗಿದೆ. ಕಲಬೆರಕೆಯ ಶಂಕೆಯಿದ್ದರೆ ಫಿಲ್ಟರ್ ಕಾಗದದ ಪರೀಕ್ಷೆ ಕೇಳಬಹುದು. ಎಥೆನಾಲ್ ಎಷ್ಟಿದೆಯೆಂದು ಮಾತ್ರ ಈ ಎರಡೂ ಹೇಳುವುದಿಲ್ಲ. ಅದನ್ನು ಪಂಪಿನ ಮೇಲೆ ಎದ್ದು ಕಾಣುವಂತೆ ಕನ್ನಡದಲ್ಲಿ ಬರೆದಿರಬೇಕು. ಸೊನ್ನೆ ನೋಡುವ ಕಣ್ಣು ಅದನ್ನೂ ಓದಬೇಕು.