ಈ ಹೊಂಡ ಯಾರಿಗೆ ಸೇರಿದ್ದು?

ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರ್ ಆಸುಪಾಸು ಮಳೆ ಸುರಿಯುವ ಉಡುಪಿ ಜಿಲ್ಲೆಯಲ್ಲಿ ಡಾಮರು ರಸ್ತೆಗೆ ಆಯುಷ್ಯ ಕಡಿಮೆ. ಜೂನ್‌ನಲ್ಲಿ ಕಾಣಿಸಿದ ಬಿರುಕು ಆಟಿ ತಿಂಗಳ ಹೊತ್ತಿಗೆ ಹೊಂಡವಾಗಿರುತ್ತದೆ. ಕಾರಿನಲ್ಲಿ ಹೋಗುವವರಿಗೆ ಅದೊಂದು ಕುಲುಕಾಟ, ಬಸ್ಸಿನಲ್ಲಿ ಕುಳಿತವರಿಗೆ ನಿದ್ರಾಭಂಗ. ಆದರೆ ಸೈಕಲ್ ಸವಾರನಿಗೆ ಅದು ಬೀಳುವ ಜಾಗ. ಹಿಂದೆ ಲಾರಿಯೊಂದು ಬರುತ್ತಿದ್ದರೆ ಪ್ರಾಣದ ಪ್ರಶ್ನೆ.

ಅಪಾಯ ಹೊಂಡವೊಂದೇ ಅಲ್ಲ. ಮಣ್ಣಿಗಿಂತ ಅರ್ಧ ಅಡಿ ಎತ್ತರಕ್ಕೆ ನಿಂತ ಡಾಮರಿನ ಅಂಚು, ಚಕ್ರ ಸಾಗುವ ದಿಕ್ಕಿನಲ್ಲೇ ಕಂಬಿ ಜೋಡಿಸಿದ ಮೋರಿಯ ಜಾಲರಿ, ಬಣ್ಣ ಬಳಿಯದ ಉಬ್ಬು, ಕಾಮಗಾರಿ ಮುಗಿದ ಮೇಲೂ ಉಳಿದ ಜಲ್ಲಿ, ಜಾರಿದ ಚರಂಡಿ ಚಪ್ಪಡಿ - ಇವೆಲ್ಲವೂ ಎರಡು ತೆಳು ಚಕ್ರಗಳ ಶತ್ರುಗಳು. ಬೆಳಗಿನ ಜಾವ ಪತ್ರಿಕೆ ಹಂಚುವ ಹುಡುಗ, ಮೀನಿನ ಬುಟ್ಟಿ ಕಟ್ಟಿಕೊಂಡು ಮನೆಮನೆಗೆ ಹೋಗುವವನು, ಶಾಲೆಗೆ ಹೊರಟ ವಿದ್ಯಾರ್ಥಿನಿ, ಇವರೇ ಇವನ್ನು ಮೊದಲು ಕಾಣುವವರು. ರಸ್ತೆಯನ್ನು ಇಷ್ಟು ಹತ್ತಿರದಿಂದ ಪರೀಕ್ಷಿಸುವ ಎಂಜಿನಿಯರ್ ಇಲ್ಲ. ಆದರೆ ಕಂಡದ್ದನ್ನು ಹೇಳುವುದು ಯಾರಿಗೆ? ಈ ಸರಳ ಪ್ರಶ್ನೆಯ ಹಿಂದೆ ಇನ್ನೂರು ವರ್ಷಗಳಿಗೂ ಮಿಕ್ಕಿದ ಇತಿಹಾಸವಿದೆ.

ಒಂದು ಪ್ರಯಾಣ, ಹಲವು ಒಡೆಯರು

ಕಾಪುವಿನಿಂದ ಹೊರಟು ಉಡುಪಿ, ಮಣಿಪಾಲ ದಾಟಿ ಕಾರ್ಕಳ ಸೇರುವ ಸವಾರನೊಬ್ಬನನ್ನು ಕಲ್ಪಿಸಿಕೊಳ್ಳಿ. ಕಾಪು ಪೇಟೆಯ ಒಳರಸ್ತೆ ಪುರಸಭೆಯದು. ಅಲ್ಲಿಂದ ಆತ ಹತ್ತುವ ರಾಷ್ಟ್ರೀಯ ಹೆದ್ದಾರಿ 66 (2010ರ ಮೊದಲು ಇದೇ 17) ಹೆದ್ದಾರಿ ಪ್ರಾಧಿಕಾರದ ವಶದಲ್ಲಿದೆ. ಉಡುಪಿಯ ಬೀದಿಗಳು ನಗರಸಭೆಯವು. ಮಣಿಪಾಲವೂ ಅದೇ ನಗರಸಭೆಯ ವ್ಯಾಪ್ತಿಯದು. ಆದರೆ ಉಡುಪಿಯಿಂದ ಮಣಿಪಾಲದ ಗುಡ್ಡ ಏರುವ ಮುಖ್ಯ ರಸ್ತೆ ನಗರಸಭೆಯದಲ್ಲ. ಅದು ಮಲ್ಪೆ-ತೀರ್ಥಹಳ್ಳಿ ರಾಷ್ಟ್ರೀಯ ಹೆದ್ದಾರಿ 169ಎ. ರಾಜ್ಯ ಲೋಕೋಪಯೋಗಿ ಇಲಾಖೆಯ ರಾಷ್ಟ್ರೀಯ ಹೆದ್ದಾರಿ ವಿಭಾಗದ ಕೈಯಲ್ಲಿದೆ. ಪರ್ಕಳ, ಆತ್ರಾಡಿ ದಾಟಿ ಹಿರಿಯಡ್ಕದಲ್ಲಿ ತಿರುಗಿ ಬೈಲೂರು ಮಾರ್ಗವಾಗಿ ಹೋದರೆ ಲೋಕೋಪಯೋಗಿ ಇಲಾಖೆಯ ರಸ್ತೆ. ನಡುವೆ ಯಾವುದಾದರೂ ಹಳ್ಳಿಯ ಕಡೆ ತಿರುಗಿದರೆ ಪಂಚಾಯತ್. ಕಾರ್ಕಳದಲ್ಲಿ ಮತ್ತೆ ಪುರಸಭೆ.

ಉಡುಪಿ-ಮಣಿಪಾಲ ನಡುವಿನ ಇಂದ್ರಾಳಿಯಲ್ಲಿ ಇನ್ನೊಬ್ಬ ಒಡೆಯನೂ ಸೇರಿಕೊಳ್ಳುತ್ತಾನೆ. ಮಂಗಳೂರು-ಉಡುಪಿ ನಡುವೆ 1993ರಲ್ಲಿ ರೈಲು ಓಡಿತು. ಮೇಲಿನ ರಸ್ತೆ ಹೆದ್ದಾರಿಯದು, ಕೆಳಗಿನ ಹಳಿ ಕೊಂಕಣ ರೈಲ್ವೆಯದು. ಅಲ್ಲಿ ಹೊಸ ಸೇತುವೆಯ ಕೆಲಸ ವರ್ಷಗಟ್ಟಲೆ ಎಳೆದಾಗ ಜನ ಪ್ರತಿಭಟನೆಗೂ ಇಳಿಯಬೇಕಾಯಿತು.

ಸೈಕಲ್ ತುಳಿಯುವವನಿಗೆ ಈ ಗಡಿಗಳು ಕಾಣುವುದಿಲ್ಲ. ಅವನಿಗೆ ಅದು ಒಂದೇ ರಸ್ತೆ. ತಪ್ಪು ಕಚೇರಿಗೆ ಹೋದ ಅರ್ಜಿ ಮಾತ್ರ "ಇದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ" ಎಂಬ ಒಕ್ಕಣೆಯೊಂದಿಗೆ ಹಿಂದೆ ಬರುತ್ತದೆ.

ಡೆವನ್‌ನ ಮುರಿದ ಸೇತುವೆ

ಹೊಣೆ ಯಾರದು ಎಂಬ ಜಗಳದ ಹಳೆಯ ಪ್ರಕರಣವೊಂದು ಇಂಗ್ಲೆಂಡಿನದು. ಡೆವನ್ ಕೌಂಟಿಯಲ್ಲಿ ದುರಸ್ತಿ ಕಾಣದ ಸೇತುವೆಯಿಂದಾಗಿ ರಸೆಲ್ ಎಂಬವರ ಗಾಡಿಗೆ ಹಾನಿಯಾಯಿತು. ಅವರು ಇಡೀ ಕೌಂಟಿಯ ನಿವಾಸಿಗಳ ಮೇಲೆ ದಾವೆ ಹೂಡಿದರು. 1788ರಲ್ಲಿ ತೀರ್ಪು ಬಂತು: ನಿವಾಸಿಗಳಿಗೆ ಪರಿಹಾರ ಕೊಡಲು ಸಾಮೂಹಿಕ ನಿಧಿ ಇಲ್ಲ, ಆದ್ದರಿಂದ ದಾವೆ ನಿಲ್ಲುವುದಿಲ್ಲ. ರಸ್ತೆಯನ್ನು ಕೆಟ್ಟದಾಗಿ ದುರಸ್ತಿ ಮಾಡಿದರೆ ತಪ್ಪು, ದುರಸ್ತಿಯನ್ನೇ ಮಾಡದೆ ಸುಮ್ಮನಿದ್ದರೆ ತಪ್ಪಲ್ಲ ಎಂಬ ವಿಚಿತ್ರ ನ್ಯಾಯ ಇಂಗ್ಲೆಂಡಿನಲ್ಲಿ ಬೇರೂರಿತು. ಅದನ್ನು ರದ್ದುಪಡಿಸುವ ಕಾಯ್ದೆ ಬಂದದ್ದು 1961ರಲ್ಲಿ.

ಈ ನಡುವೆ ರಸ್ತೆಯ ಬಗ್ಗೆ ಮೊದಲು ಸಂಘಟಿತರಾಗಿ ದನಿಯೆತ್ತಿದವರು ಕಾರಿನವರಲ್ಲ, ಸೈಕಲ್ ಸವಾರರು. 1878ರಲ್ಲಿ ಹುಟ್ಟಿದ ಬ್ರಿಟನ್ನಿನ ಸೈಕಲ್ ಪ್ರವಾಸಿಗಳ ಸಂಘ ಕಡಿದಾದ ಇಳಿಜಾರುಗಳ ತಲೆಯಲ್ಲಿ ತಾನೇ ಅಪಾಯದ ಫಲಕಗಳನ್ನು ನೆಟ್ಟಿತು. 1886ರಲ್ಲಿ ಸೈಕಲ್ ಸಂಘಗಳು ಸೇರಿ ರಸ್ತೆ ಸುಧಾರಣಾ ಸಂಘವನ್ನು ಕಟ್ಟಿ, ರಸ್ತೆ ನೋಡಿಕೊಳ್ಳುವ ಅಧಿಕಾರಿಗಳಿಗೆ ದುರಸ್ತಿ ಹೇಗೆ ಮಾಡಬೇಕೆಂದು ತಿಳಿಸುವ ಪುಸ್ತಿಕೆಗಳನ್ನು ಹಂಚಿದವು. ಅಮೆರಿಕದಲ್ಲೂ 1880ರಲ್ಲಿ ಸ್ಥಾಪನೆಯಾದ ಸೈಕಲ್ ಸವಾರರ ಒಕ್ಕೂಟವೇ ಒಳ್ಳೆಯ ರಸ್ತೆಗಳ ಚಳವಳಿಗೆ ಚಾಲನೆ ಕೊಟ್ಟಿತು. ಮೋಟಾರು ಬಂದ ಮೇಲೆ ಆ ರಸ್ತೆಯಲ್ಲಿ ಸೈಕಲ್ ಅಂಚಿಗೆ ಸರಿದದ್ದು ಬೇರೆ ಮಾತು.

ಬೋರ್ಡಿನ ಕಾಲದಿಂದ ಇಲಾಖೆಗಳ ಕಾಲಕ್ಕೆ

ನಮ್ಮ ಕರಾವಳಿ ಆಗ ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆ. 1871ರ ಸ್ಥಳೀಯ ನಿಧಿ ಕಾಯ್ದೆ ಭೂಮಿಯ ಮೇಲೆ ಸೆಸ್ ವಿಧಿಸಿ ರಸ್ತೆಗೆ ಹಣ ಹೊಂದಿಸಿತು. 1884ರ ಕಾಯ್ದೆಯಿಂದ ಜಿಲ್ಲಾ ಬೋರ್ಡ್, ತಾಲೂಕು ಬೋರ್ಡ್‌ಗಳು ಬಂದವು. ಅಂದರೆ ಡೆವನ್‌ನಲ್ಲಿ ಇಲ್ಲವಾಗಿದ್ದ ಎರಡು ಸಂಗತಿಗಳು, ಒಂದು ನಿಧಿ ಮತ್ತು ಒಂದು ಕಚೇರಿ, ಇಲ್ಲಿ ಸಿಕ್ಕಿದ್ದವು. ರಸ್ತೆ ಕೆಟ್ಟರೆ ಬೋರ್ಡಿಗೆ ಅರ್ಜಿ. ದೇಶದ ಹಲವು ಪುರಸಭೆಗಳು ಸೈಕಲಿಗೂ ತೆರಿಗೆ ಹಾಕಿ ಲೋಹದ ಬಿಲ್ಲೆ ಕೊಡುತ್ತಿದ್ದವು. ಬಿಲ್ಲೆ ಇಲ್ಲದ ಸೈಕಲಿಗೆ ದಂಡ ಬೀಳುತ್ತಿತ್ತು ನಿಜ. ಆದರೆ ತೆರಿಗೆ ಕೊಟ್ಟವನಿಗೆ ತನ್ನ ಹಣ ಯಾವ ಕಚೇರಿಗೆ ಹೋಯಿತೆಂದು ಗೊತ್ತಿತ್ತು.

ಇಂದಿನ ವಿಂಗಡಣೆಯ ಬೇರು 1943ರಲ್ಲಿದೆ. ಆ ವರ್ಷ ನಾಗಪುರದಲ್ಲಿ ಸೇರಿದ ಮುಖ್ಯ ಎಂಜಿನಿಯರುಗಳು ದೇಶದ ರಸ್ತೆಗಳನ್ನು ರಾಷ್ಟ್ರೀಯ ಹೆದ್ದಾರಿ, ಪ್ರಾಂತೀಯ ಹೆದ್ದಾರಿ, ಜಿಲ್ಲಾ ರಸ್ತೆ, ಗ್ರಾಮ ರಸ್ತೆ ಎಂದು ಭಾಗ ಮಾಡಿದರು. ಯೋಜನೆಗೆ ಅದು ಅಗತ್ಯವಾಗಿತ್ತು. 1956ರ ನವೆಂಬರ್ 1ರಂದು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. 1959ರ ಕಾಯ್ದೆಯೊಂದಿಗೆ ಹಳೆಯ ಜಿಲ್ಲಾ ಬೋರ್ಡ್ ವ್ಯವಸ್ಥೆ ಮುಗಿಯಿತು. 1988ರ ಕಾಯ್ದೆ ಹೆದ್ದಾರಿ ಪ್ರಾಧಿಕಾರವನ್ನು, 1993ರ ಕಾಯ್ದೆ ಇಂದಿನ ಪಂಚಾಯತ್ ರಾಜ್ ವ್ಯವಸ್ಥೆಯನ್ನು ತಂದಿತು. 1997ರಲ್ಲಿ ಉಡುಪಿ ಪ್ರತ್ಯೇಕ ಜಿಲ್ಲೆಯಾಯಿತು. ಪ್ರತಿ ಹೆಜ್ಜೆಗೂ ಅದರದೇ ಕಾರಣವಿತ್ತು. ಆದರೆ ಒಟ್ಟು ಪರಿಣಾಮವಾಗಿ, ರಸ್ತೆ ಕೂಡುತ್ತಾ ಹೋದಂತೆ ಹೊಣೆ ಹರಿದು ಹಂಚಿಹೋಯಿತು.

ಇದಕ್ಕೆ ಶಾಲಾ ಮಕ್ಕಳ ಸೈಕಲ್‌ಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. 2006-07ರಿಂದ ಕೊರೋನಾ ವರ್ಷಗಳವರೆಗೆ ರಾಜ್ಯ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಉಚಿತವಾಗಿ ಸೈಕಲ್ ಕೊಟ್ಟಿತು. ಸೈಕಲ್ ಕೊಟ್ಟದ್ದು ಶಿಕ್ಷಣ ಇಲಾಖೆ. ಮಗು ಅದನ್ನು ತುಳಿಯಬೇಕಾದ ರಸ್ತೆ ಬೇರೆ ಬೇರೆ ಇಲಾಖೆಗಳದು.

ಹಣವಿಲ್ಲ ಎನ್ನುವಂತಿಲ್ಲ

ಹಾಗಾದರೆ ಸಾಮಾನ್ಯನ ಕೈಯಲ್ಲಿ ಏನೂ ಇಲ್ಲವೇ? ಇದೆ. ದಂಡ ಪ್ರಕ್ರಿಯಾ ಸಂಹಿತೆಯ 133ನೇ ಕಲಮು ಸಾರ್ವಜನಿಕ ದಾರಿಯಲ್ಲಿನ ಅಡ್ಡಿ ಆತಂಕಗಳನ್ನು ತೆಗೆಸಲು, ದಾರಿ ಬದಿಯ ಬಾವಿ, ಅಗೆದ ಗುಂಡಿಗಳಿಗೆ ಬೇಲಿ ಹಾಕಿಸಲು ಕಾರ್ಯನಿರ್ವಾಹಕ ದಂಡಾಧಿಕಾರಿಗೆ ಅಧಿಕಾರ ಕೊಟ್ಟಿತ್ತು. ಪೊಲೀಸ್ ವರದಿಯೇ ಬೇಕೆಂದಿಲ್ಲ, ಬೇರೆ ರೀತಿಯಲ್ಲಿ ಬಂದ ಮಾಹಿತಿಯೂ ಸಾಕು. 2024ರ ಜುಲೈ 1ರಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಇದು 152ನೇ ಕಲಮಾಗಿ ಉಳಿದಿದೆ.

ಈ ಕಲಮಿಗೆ ಜೀವ ತುಂಬಿದವರು ಮಧ್ಯಪ್ರದೇಶದ ರತ್ಲಾಂ ಪಟ್ಟಣದ ಒಂದು ಬಡಾವಣೆಯ ನಿವಾಸಿಗಳು. ತೆರೆದ ಚರಂಡಿ, ದುರ್ನಾತದಿಂದ ಬೇಸತ್ತು ಅವರು ದಂಡಾಧಿಕಾರಿಗೆ ದೂರು ಕೊಟ್ಟರು. ಪುರಸಭೆ ಹಣವಿಲ್ಲ ಎಂದಿತು. ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು. 1980ರಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರಿದ್ದ ಪೀಠ, ಶಾಸನಬದ್ಧ ಕರ್ತವ್ಯಕ್ಕೆ ಹಣದ ಕೊರತೆ ನೆಪವಾಗದು ಎಂದು ತೀರ್ಪಿತ್ತಿತು. 1788ರಲ್ಲಿ ನಿಧಿಯಿಲ್ಲವೆಂಬ ಮಾತು ಗೆದ್ದಿತ್ತು. 1980ರಲ್ಲಿ ಅದೇ ಮಾತು ಸೋತಿತು.

ಇನ್ನೊಂದು ಹೆಜ್ಜೆ 2019ರದು. ಆ ವರ್ಷ ಮೋಟಾರು ವಾಹನ ಕಾಯ್ದೆಗೆ 198ಎ ಎಂಬ ಹೊಸ ಕಲಮು ಸೇರಿತು. ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆಯಲ್ಲಿ ನಿಗದಿತ ಮಾನದಂಡ ಪಾಲಿಸದೆ ಸಾವು ಅಥವಾ ಅಂಗವೈಕಲ್ಯ ಉಂಟಾದರೆ ಹೊಣೆಗಾರ ಪ್ರಾಧಿಕಾರ ಅಥವಾ ಗುತ್ತಿಗೆದಾರರಿಗೆ ಒಂದು ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ಹೋದ ಜೀವಕ್ಕೆ ಇದು ಸಣ್ಣ ಮೊತ್ತ. ಆದರೆ ಈ ಕಲಮಿನಲ್ಲಿ ಗಮನಿಸಬೇಕಾದ ಒಂದು ಅಂಶವಿದೆ. ರಸ್ತೆಯ ಸ್ಥಿತಿ ಅಪಾಯಕಾರಿ ಎಂದು ಸಂಬಂಧಪಟ್ಟವರಿಗೆ ತಿಳಿದಿತ್ತೇ, ಅಥವಾ ತಿಳಿದಿರಬೇಕಿತ್ತೇ ಎಂಬುದನ್ನು ನ್ಯಾಯಾಲಯ ನೋಡಬೇಕು.

ಬರೆದು ಕೊಟ್ಟ ದೂರಿಗೆ ಬೆಲೆ ಬರುವುದು ಇಲ್ಲಿ. ಬಾಯಿಮಾತಿನ ಗೊಣಗಾಟಕ್ಕೆ ದಾಖಲೆಯಿಲ್ಲ. ದಿನಾಂಕವಿರುವ, ಸ್ವೀಕೃತಿ ಪಡೆದ ಅರ್ಜಿಯೊಂದು ಕಚೇರಿಯಲ್ಲಿದ್ದರೆ ಮುಂದೆ ಯಾರೂ "ನಮಗೆ ಗೊತ್ತಿರಲಿಲ್ಲ" ಎನ್ನುವಂತಿಲ್ಲ.

ಕಲ್ಲಿನ ತಲೆ ನೋಡಿ

ಒಡೆಯನನ್ನು ಪತ್ತೆಹಚ್ಚಲು ರಸ್ತೆ ಬದಿಯ ಕಿಲೋಮೀಟರ್ ಕಲ್ಲೇ ಸಹಾಯಕ್ಕಿದೆ. ತಲೆಗೆ ಹಳದಿ ಬಣ್ಣವಿದ್ದರೆ ರಾಷ್ಟ್ರೀಯ ಹೆದ್ದಾರಿ, ಹಸಿರಿದ್ದರೆ ರಾಜ್ಯ ಹೆದ್ದಾರಿ, ಕಿತ್ತಳೆ ಇದ್ದರೆ ಗ್ರಾಮೀಣ ರಸ್ತೆ. ಪ್ರಾಧಿಕಾರದ ಹೆದ್ದಾರಿಯಾದರೆ 1033ಕ್ಕೆ ಕರೆ ಮಾಡಬಹುದು. ಪೇಟೆಯ ಬೀದಿಯಾದರೆ ನಗರಸಭೆ ಅಥವಾ ಪುರಸಭೆ, ಹಳ್ಳಿಯ ರಸ್ತೆಯಾದರೆ ಪಂಚಾಯತ್, ಉಳಿದಂತೆ ಲೋಕೋಪಯೋಗಿ ಇಲಾಖೆ. ಸಂದೇಹವಿದ್ದರೆ ಎರಡೂ ಕಡೆಗೆ ಕೊಟ್ಟು, ಒಂದು ಪ್ರತಿಯನ್ನು ಜಿಲ್ಲಾಧಿಕಾರಿಗಳಿಗೆ ಸಲ್ಲಿಸುವುದು ಲೇಸು.

"ರಸ್ತೆ ಸರಿಯಿಲ್ಲ" ಎಂದಷ್ಟೇ ಬರೆದರೆ ಉಪಯೋಗವಿಲ್ಲ. ಯಾವ ಕಲ್ಲಿನಿಂದ ಎಷ್ಟು ದೂರ, ರಸ್ತೆಯ ಯಾವ ಬದಿ, ಹೊಂಡ ಎಷ್ಟು ಅಗಲ, ಜಾಲರಿಯ ಕಂಬಿ ಯಾವ ದಿಕ್ಕಿಗಿದೆ, ರಾತ್ರಿ ಬೆಳಕಿದೆಯೇ ಎಂಬುದನ್ನೆಲ್ಲ ಬರೆದು ಒಂದು ಫೋಟೋ ಲಗತ್ತಿಸಬೇಕು. ಉತ್ತರ ಬಾರದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ತನ್ನ ಅರ್ಜಿ ಏನಾಯಿತೆಂದು ಕೇಳಬಹುದು.

ಅಳದ ಕೂಸಿಗೆ ತಾಯಿಯೂ ಹಾಲು ಕೊಡಳು ಎಂಬ ಗಾದೆ ಇಲ್ಲಿ ಪೂರ್ತಿ ಒಪ್ಪುವುದಿಲ್ಲ. ರಸ್ತೆಯನ್ನು ನೋಡಿಕೊಳ್ಳುವುದು ದೂರು ಬಂದರೂ ಬಾರದಿದ್ದರೂ ಒಡೆಯನ ಕರ್ತವ್ಯ. ಆದರೂ ಬೀಳದೆ ಪಾರಾದ ಸವಾರ ಸುಮ್ಮನೆ ಮನೆಗೆ ಹೋದರೆ, ಸಂಜೆಗತ್ತಲಲ್ಲಿ ಅದೇ ಹೊಂಡದ ಕಡೆ ಬರುವವರು ಇನ್ಯಾರೋ ಇರುತ್ತಾರೆ. ಹೆಚ್ಚಿನ ಸಲ ಅವರು ಶಾಲೆ ಬಿಟ್ಟು ಮನೆಗೆ ಮರಳುವ ಮಕ್ಕಳು.