ನಟಾಲಿನ ಬಿಷಪ್ ಮತ್ತು ಜುಲು ಸಹಾಯಕನ ಪ್ರಶ್ನೆ

ಹತ್ತೊಂಬತ್ತನೆಯ ಶತಮಾನದ ಆಂಗ್ಲಿಕನ್ ಸಭೆಯಲ್ಲಿ ನಡೆದ ದೇವಶಾಸ್ತ್ರೀಯ ವಾಗ್ವಾದಗಳನ್ನು ಆಕ್ಸ್‌ಫರ್ಡ್, ಕೇಂಬ್ರಿಜ್‌ಗಳ ವಿದ್ವಾಂಸರ ವ್ಯವಹಾರವೆಂದು ನಿರೂಪಿಸುವುದು ರೂಢಿ. ಆದರೆ ಅವುಗಳಲ್ಲಿ ಅತ್ಯಂತ ತೀವ್ರವಾದ ಒಂದಕ್ಕೆ ಪ್ರೇರಣೆ ದೊರೆತದ್ದು ದಕ್ಷಿಣ ಆಫ್ರಿಕದ ನಟಾಲಿನಲ್ಲಿ, ಬೈಬಲಿನ ಅನುವಾದ ಕಾರ್ಯದ ನಡುವೆ.

ಗಣಿತದ ಪಠ್ಯಪುಸ್ತಕಗಳಿಂದ ಇಂಗ್ಲೆಂಡಿನ ಶಾಲೆಗಳಿಗೆ ಪರಿಚಿತನಾಗಿದ್ದ ಜಾನ್ ವಿಲಿಯಂ ಕೊಲೆನ್ಸೊ (1814–1883) 1853ರಲ್ಲಿ ನಟಾಲಿನ ಮೊದಲ ಬಿಷಪ್ಪನಾದನು. ಪೀಟರ್‌ಮಾರಿಟ್ಜ್‌ಬರ್ಗ್ ಸಮೀಪದ ಎಕುಖಾನ್ಯೆನಿ ಕೇಂದ್ರದಲ್ಲಿ ಜುಲು ಭಾಷೆಯನ್ನು ಕಲಿತು, ವ್ಯಾಕರಣ ನಿಘಂಟುಗಳನ್ನು ರಚಿಸಿದನು. ಜಲಪ್ರಳಯದ ಕಥೆಯನ್ನು ಅನುವಾದಿಸುವಾಗ ಸಹಾಯಕನು ಅವನನ್ನು ಪ್ರಶ್ನಿಸಿದನು: ಇದೆಲ್ಲ ನಿಜವೇ? ಬಿಸಿಲ ನಾಡಿನ, ಚಳಿಯ ನಾಡಿನ ಪ್ರಾಣಿಗಳೆಲ್ಲ ಜೋಡಿಜೋಡಿಯಾಗಿ ನಾವೆಗೆ ಬಂದವೇ? ಅವಕ್ಕೆಲ್ಲ ನೋಹನು ಆಹಾರ ಕೂಡಿಹಾಕಿದನೇ? ವಿದ್ವಾಂಸರು ಗುರುತಿಸಿರುವಂತೆ ಆ ಸಹಾಯಕ ವಿಲಿಯಂ ಎನ್‌ಗಿಡಿ. ಭೂವಿಜ್ಞಾನವನ್ನು ಓದಿಕೊಂಡಿದ್ದ ಕೊಲೆನ್ಸೊಗೆ ದೇವರ ಹೆಸರಿನಲ್ಲಿ ಹೌದೆನ್ನಲು ಮನಸ್ಸು ಬರಲಿಲ್ಲ.

ಪಂಚಗ್ರಂಥಗಳನ್ನು ಕುರಿತ ಅವನ ವಿಮರ್ಶೆಯ ಮೊದಲ ಭಾಗ 1862ರಲ್ಲಿ ಪ್ರಕಟವಾಯಿತು. ಅಲ್ಲಿನ ವಿಧಾನ ಗಣಿತಜ್ಞನದೇ. ಆರು ಲಕ್ಷ ಗಂಡಸರಿದ್ದ ಜನಸಮೂಹಕ್ಕೆ ಮರುಭೂಮಿಯಲ್ಲಿ ಡೇರೆಗಳೆಷ್ಟು ಬೇಕು, ಮಂದೆಗಳಿಗೆ ಮೇವೆಲ್ಲಿ, ಮೂವರೇ ಪುರೋಹಿತರು ಎಷ್ಟು ಬಲಿಗಳನ್ನು ಅರ್ಪಿಸಬಲ್ಲರು ಎಂದು ಅವನು ಲೆಕ್ಕ ಹಾಕುತ್ತಾನೆ. ಈ ಲೆಕ್ಕಾಚಾರ ಇಂದು ತುಸು ಮುಗ್ಧವೆನಿಸಬಹುದು. ಕಥನದ ಸತ್ಯವನ್ನು ಅಂಕಿಗಳಿಂದ ಅಳೆಯಲಾಗದೆಂಬ ಅರಿವು ಜಾನಪದ ವಿದ್ಯಾರ್ಥಿಗಾದರೂ ಇರುತ್ತದೆ. ಆದರೆ ಪ್ರಶ್ನೆ ಕೇಳಿದವನನ್ನು ಸಮಾನ ವಿಚಾರವಂತನೆಂದು ಪರಿಗಣಿಸಿದ್ದು ವಸಾಹತು ಕಾಲದಲ್ಲಿ ಅಪರೂಪದ ಸಂಗತಿ.

ಸಭೆಯ ಉತ್ತರ ನ್ಯಾಯಪೀಠದ ರೂಪದಲ್ಲಿ ಬಂದಿತು. ಕೇಪ್‌ಟೌನಿನ ಬಿಷಪ್ ರಾಬರ್ಟ್ ಗ್ರೇ 1863ರಲ್ಲಿ ವಿಚಾರಣೆ ನಡೆಸಿ ಕೊಲೆನ್ಸೊನನ್ನು ಪದಚ್ಯುತಗೊಳಿಸಿದನು. 1861ರ ರೋಮಾಪುರದವರಿಗೆ ಬರೆದ ಪತ್ರಿಕೆಯ ವ್ಯಾಖ್ಯಾನದಲ್ಲಿ ನಿತ್ಯದಂಡನೆಯ ತತ್ತ್ವವನ್ನು ನಿರಾಕರಿಸಿದ್ದೂ ಆರೋಪಗಳಲ್ಲಿ ಸೇರಿತ್ತು. 1865ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್ ಆ ತೀರ್ಪನ್ನು ಅಸಿಂಧುಗೊಳಿಸಿತು. ಆದರೆ ಅದು ಪರಿಶೀಲಿಸಿದ್ದು ಗ್ರೇಯ ಅಧಿಕಾರವ್ಯಾಪ್ತಿಯನ್ನು ಮಾತ್ರ. ಹೀಗೆ ಶಾಸ್ತ್ರದ ಸತ್ಯಾಸತ್ಯತೆಯ ಜಿಜ್ಞಾಸೆ ಯಾರಿಗೆ ಯಾರ ಮೇಲೆ ಅಧಿಕಾರವೆಂಬ ವ್ಯಾಜ್ಯವಾಗಿ ಮಾರ್ಪಟ್ಟಿತು. 1869ರಲ್ಲಿ ಪ್ರತಿಸ್ಪರ್ಧಿ ಬಿಷಪ್ಪನೊಬ್ಬನ ಅಭಿಷೇಕವಾಗಿ ನಟಾಲಿನ ಸಭೆ ಒಡೆಯಿತು.

ಈ ಬಿಕ್ಕಟ್ಟಿನ ಹಿನ್ನೆಲೆಯಲ್ಲಿ, ಕೆನಡಾದ ಬಿಷಪ್ಪರ ಕೋರಿಕೆಯ ಮೇರೆಗೆ, 1867ರಲ್ಲಿ ಮೊದಲ ಲ್ಯಾಂಬೆತ್ ಸಮ್ಮೇಳನ ಸೇರಿತು. ಎಪ್ಪತ್ತಾರು ಬಿಷಪ್ಪರು ಬಂದಿದ್ದರು. ಅದರ ನಿರ್ಣಯಗಳಿಗೆ ಶಾಸನದ ಬಲವಿರಲಿಲ್ಲ. ಆಜ್ಞಾಪಿಸಲಾರದ ಸಮ್ಮೇಳನಕ್ಕೆ ಒಮ್ಮೆ ತಳ್ಳಿಹಾಕಿದ ಪ್ರಶ್ನೆಯನ್ನು ಮತ್ತೆ ಎತ್ತಿಕೊಳ್ಳುವ ಅವಕಾಶ ಉಳಿಯಿತು ಎಂಬುದು ಗಮನಾರ್ಹ. ಹಲವು ಹೆಂಡಿರುಳ್ಳವನು ಕ್ರೈಸ್ತನಾಗಲು ಅವರನ್ನು ತೊರೆಯಬೇಕಿಲ್ಲ, ತೊರೆದರೆ ಅನ್ಯಾಯವಾಗುವುದು ಆ ಹೆಂಗಸರಿಗೂ ಮಕ್ಕಳಿಗೂ ಎಂದು ಕೊಲೆನ್ಸೊ 1855ರಿಂದಲೇ ವಾದಿಸಿದ್ದನು. 1888ರ ಸಮ್ಮೇಳನ ಅಂಥ ಗಂಡಸರಿಗೆ ದೀಕ್ಷಾಸ್ನಾನವನ್ನು ನಿರಾಕರಿಸಿತು. 1988ರ ಸಮ್ಮೇಳನ, ಮತ್ತೆ ಮದುವೆಯಾಗಕೂಡದೆಂಬ ವಾಗ್ದಾನ ಮತ್ತು ಸ್ಥಳೀಯ ಸಮುದಾಯದ ಒಪ್ಪಿಗೆಯ ಷರತ್ತಿನ ಮೇಲೆ, ಅದಕ್ಕೆ ಅನುಮತಿ ನೀಡಿತು. ನಡುವಿನ ನೂರು ವರ್ಷಗಳಲ್ಲಿ ಮನೆಬಿಟ್ಟ ಹೆಂಡಿರ ಕಥೆಯನ್ನು ಸಭೆಯ ದಾಖಲೆಗಳಲ್ಲಿ ಹುಡುಕುವುದು ಸುಲಭವಲ್ಲ.

ಇಂಗ್ಲೆಂಡಿನಲ್ಲಿ ಹಬ್ಬಿದ ಹಾಸ್ಯಪದ್ಯಗಳು ಎನ್‌ಗಿಡಿಯನ್ನು ಬಿಷಪ್ಪನನ್ನೇ ಮತಾಂತರಿಸಿದ ಹೆಸರಿಲ್ಲದ ಜುಲುವನ್ನಾಗಿಸಿದವು. ಇತ್ತ ಎಕುಖಾನ್ಯೆನಿಯಲ್ಲಿ 1859ರ ಜುಲು ರಾಜ ಮ್ಪಾಂಡೆಯ ಭೇಟಿಯನ್ನು ಕುರಿತು ಎನ್‌ಗಿಡಿ, ಮಗೆಮಾ ಫುಜೆ, ಎನ್‌ಡಿಯಾನೆ ಮೂವರೂ ತಮ್ಮ ಭಾಷೆಯಲ್ಲಿ ಬರೆದ ವೃತ್ತಾಂತಗಳು 1860ರಲ್ಲಿ ಅಚ್ಚಾದವು. ಅಲ್ಲಿಯೇ ಮುದ್ರಣ ಕಲಿತ ಫುಜೆ ಕಪ್ಪು ಜನರ ಮೂಲವನ್ನು ಕುರಿತು ಜುಲು ಭಾಷೆಯಲ್ಲಿ ಬರೆದ ಗ್ರಂಥ 1922ರಲ್ಲಿ ಪೀಟರ್‌ಮಾರಿಟ್ಜ್‌ಬರ್ಗಿನಲ್ಲಿ ಪ್ರಕಟವಾಯಿತು.