ಹುಟ್ಟೇ ಅಪರಾಧವಾದ ಕಾಲ

ತುರುವನೂರಿನ ಹಿರಿಯರಿಗೆ ಜೈಲು ಎಂಬುದು ಬರೀ ಅವಮಾನದ ಪದವಲ್ಲ. 1939ರಲ್ಲಿ ಈ ಊರಿನಲ್ಲಿ ಅರಣ್ಯ ಸತ್ಯಾಗ್ರಹ ನಡೆಯಿತು. ಈಚಲು ಮರಗಳನ್ನು ಕಡಿದು ಸರಕಾರದ ಕಾನೂನನ್ನು ಮುರಿದವರು ಸೆರೆಮನೆ ಸೇರಿದರು. ಆಗ ಚಿತ್ರದುರ್ಗದಲ್ಲಿ ವಕೀಲರಾಗಿದ್ದ ಎಸ್. ನಿಜಲಿಂಗಪ್ಪನವರು ಈ ಸತ್ಯಾಗ್ರಹಕ್ಕಾಗಿ ಸೆರೆವಾಸ ಅನುಭವಿಸಿದ್ದಲ್ಲದೆ ತಮ್ಮ ವಕೀಲಿ ಸನ್ನದನ್ನೂ ಕಳೆದುಕೊಂಡರು. ಮುಂದೆ ಅವರೇ ರಾಜ್ಯದ ಮುಖ್ಯಮಂತ್ರಿಯಾದರು. ಅವರ ಸೆರೆವಾಸವನ್ನು ನಾಡು ಇಂದಿಗೂ ಗೌರವದಿಂದ ನೆನೆಯುತ್ತದೆ.

ಅವರು ಒಂದು ಕೃತ್ಯವನ್ನು ತಿಳಿದೇ ಮಾಡಿದರು, ಅದರ ಫಲವನ್ನು ಒಪ್ಪಿಕೊಂಡರು. ಆದರೆ ಅದೇ ದಿನಗಳಲ್ಲಿ ಕನ್ನಡನಾಡಿನ ಇನ್ನೊಂದು ಭಾಗದಲ್ಲಿ ಯಾವ ಕೃತ್ಯವನ್ನೂ ಮಾಡದ ಸಾವಿರಾರು ಜನರು ಪೊಲೀಸರ ಹಾಜರಿ ಪುಸ್ತಕದಲ್ಲಿ ಹೆಸರು ಬರೆಸಿಕೊಂಡು ಬದುಕುತ್ತಿದ್ದರು. ಅವರ ಅಪರಾಧ ಒಂದೇ: ಅವರು ಹುಟ್ಟಿದ ಕುಲ.

ಈ ಇತಿಹಾಸವನ್ನು ಹುಡುಕಿ ಓದುವಂತೆ ನನ್ನನ್ನು ಪ್ರೇರೇಪಿಸಿದ್ದು ಒಂದು ಸಣ್ಣ ಘಟನೆ. ಕೆಲವು ವರ್ಷಗಳ ಹಿಂದೆ ನಮ್ಮ ಮಸೀದಿಯ ಕೊಳವೆಬಾವಿಯ ಮೋಟರು ಕಾಣೆಯಾಯಿತು. ಆಗ ಊರಾಚೆ ಬುಟ್ಟಿ ಹೆಣೆಯುವ ನಾಲ್ಕೈದು ಕುಟುಂಬಗಳು ಗುಡಾರ ಹಾಕಿದ್ದವು. ಫಜ್ರ್ ನಮಾಝ್ ಮುಗಿಸಿದ ನಮ್ಮ ಕೆಲವು ಮಂದಿ ನೇರವಾಗಿ ಅಲ್ಲಿಗೇ ಹೋದರು. ನಾನೂ ಅವರೊಂದಿಗಿದ್ದೆ. ಒಬ್ಬ ವೃದ್ಧೆ ಮಾತಾಡದೆ ತನ್ನ ಗಂಟುಗಳನ್ನು ಒಂದೊಂದಾಗಿ ಬಿಚ್ಚಿ ನೆಲದ ಮೇಲೆ ಹರವಿದಳು. ಹಾಗೆ ಹರವಿ ಅಭ್ಯಾಸವಾದ ಕೈಗಳು ಅವು. ಮೂರನೆಯ ದಿನ ನಿಜ ತಿಳಿಯಿತು. ಮೋಟರನ್ನು ಯಾರೂ ಕದ್ದಿರಲಿಲ್ಲ; ನಮ್ಮವರೇ ಒಬ್ಬರು ರಿಪೇರಿಗೆ ಕೊಟ್ಟು ಹೇಳಲು ಮರೆತಿದ್ದರು. ಕ್ಷಮೆ ಕೇಳಲು ಹೋದಾಗ ಗುಡಾರಗಳಿದ್ದ ಜಾಗದಲ್ಲಿ ಒಲೆಯ ಕಲ್ಲುಗಳು ಮಾತ್ರ ಉಳಿದಿದ್ದವು.

ನಾವು ಅಲ್ಲಿಗೇ ಏಕೆ ಹೋದೆವು? ನಮಗೆ ಆ ದಾರಿಯನ್ನು ತೋರಿಸಿಕೊಟ್ಟವರು ಯಾರು?

ಉತ್ತರದ ಒಂದು ಭಾಗ 1871ರಲ್ಲಿದೆ. ಆ ವರ್ಷದ ಅಕ್ಟೋಬರ್ 12ರಂದು ಬ್ರಿಟಿಷ್ ಸರಕಾರ ‘ಅಪರಾಧಿ ಬುಡಕಟ್ಟುಗಳ ಕಾಯ್ದೆ’ಯನ್ನು ಜಾರಿಗೊಳಿಸಿತು. ಬಡಗಿಯ ಮಗ ಬಡಗಿಯಾಗುವಂತೆ ಕೆಲವು ಕುಲಗಳಲ್ಲಿ ಅಪರಾಧವೂ ವಂಶದ ಕಸುಬಾಗಿ ಬರುತ್ತದೆ ಎಂಬುದು ಅದರ ಹಿಂದಿದ್ದ ತರ್ಕ. ಮೊದಲು ಉತ್ತರ ಭಾರತಕ್ಕೆ ಸೀಮಿತವಾಗಿದ್ದ ಈ ಕಾಯ್ದೆ 1911ರ ಹೊಸ ರೂಪದಲ್ಲಿ ಬೊಂಬಾಯಿ ಮತ್ತು ಮದರಾಸು ಪ್ರಾಂತ್ಯಗಳಿಗೂ ಬಂದಿತು. ಒಂದು ಕುಲ ಅಧಿಸೂಚಿತವಾಯಿತೆಂದರೆ ಅದರ ಜನರು ಹೆಸರು ನೋಂದಾಯಿಸಬೇಕು, ಬೆರಳಚ್ಚು ಕೊಡಬೇಕು, ಗೊತ್ತುಪಡಿಸಿದ ಹೊತ್ತಿಗೆ ಹಾಜರಿ ಹಾಕಬೇಕು, ಪರವಾನಗಿ ಚೀಟಿಯಿಲ್ಲದೆ ಗಡಿ ದಾಟಬಾರದು. ಮಕ್ಕಳನ್ನು ತಂದೆತಾಯಿಯರಿಂದ ಬೇರ್ಪಡಿಸಿ ಇಡುವ ಅಧಿಕಾರವೂ ಸರಕಾರಕ್ಕಿತ್ತು.

ಈ ಜನರಲ್ಲಿ ಅನೇಕರು ಒಂದು ಕಾಲದಲ್ಲಿ ನಾಡಿಗೆ ಬೇಕಾದವರಾಗಿದ್ದರು. ಕೊರಚರು ಕತ್ತೆ, ಎತ್ತುಗಳ ಮೇಲೆ ಕರಾವಳಿಯ ಉಪ್ಪನ್ನು ಒಳನಾಡಿಗೆ ತರುತ್ತಿದ್ದರು. ಲಂಬಾಣಿಗರು ಧಾನ್ಯದ ಹೇರುಗಳನ್ನು ಸಾಗಿಸುತ್ತಿದ್ದರು. ರೈಲು ಬಂದಿತು, ಉಪ್ಪಿನ ಮೇಲೆ ಸರಕಾರದ ಹಿಡಿತ ಬಿಗಿಯಾಯಿತು, ಕಾಡಿಗೆ ಬೇಲಿ ಬಿದ್ದಿತು. ಕಸುಬು ಕಳೆದುಕೊಂಡು ಅಲೆಯುವವರು ಸರಕಾರದ ಕಣ್ಣಿಗೆ ಶಂಕಿತರಾದರು. ಇತಿಹಾಸಕಾರ್ತಿ ಮೀನಾ ರಾಧಾಕೃಷ್ಣ ಮದರಾಸು ಪ್ರಾಂತ್ಯದ ಕೊರವರ ಕುರಿತು ನಡೆಸಿದ ಸಂಶೋಧನೆ ಈ ಕಥೆಯನ್ನು ದಾಖಲೆಸಹಿತ ತೆರೆದಿಟ್ಟಿದೆ.

ಹುಬ್ಬಳ್ಳಿ, ಗದಗ ಮತ್ತು ವಿಜಯಪುರಗಳಲ್ಲಿ ಇಂತಹವರಿಗಾಗಿ ‘ಸೆಟ್ಲ್‌ಮೆಂಟ್’ಗಳು ಸ್ಥಾಪನೆಯಾದವು. ಹುಬ್ಬಳ್ಳಿಯದು ಬೊಂಬಾಯಿ ಪ್ರಾಂತ್ಯದಲ್ಲೇ ದೊಡ್ಡವುಗಳಲ್ಲಿ ಒಂದು. ಹಗಲು ಬಟ್ಟೆ ಗಿರಣಿಯಲ್ಲಿ ದುಡಿಮೆ, ರಾತ್ರಿ ಬೇಲಿಯೊಳಗೆ ಹಾಜರಿ. ಬೇಲಿ ಹೋಗಿ ದಶಕಗಳಾದರೂ ಹುಬ್ಬಳ್ಳಿಯಲ್ಲಿ ‘ಸೆಟ್ಲ್‌ಮೆಂಟ್’ ಎಂಬ ಹೆಸರು ಹೋಗಿಲ್ಲ.

ಇದು ಪರರ ಕಥೆಯೆಂದು ಭಾವಿಸುವ ಸಹೋದರರು ಒಂದು ಸಂಗತಿಯನ್ನು ಅರಿಯಬೇಕು. ಆ ಪಟ್ಟಿಯಲ್ಲಿ ವಿಜಯಪುರ ಸೀಮೆಯ ಛಪ್ಪರ್‌ಬಂದ್ ಸಮುದಾಯವೂ ಇತ್ತು. ಅವರು ಮುಸ್ಲಿಮರು. ಮೊಘಲ್ ದಂಡಿನೊಂದಿಗೆ ಬಂದು ಬಿಡಾರಗಳಿಗೆ ಹುಲ್ಲಿನ ಚಪ್ಪರ ಹೊದಿಸುತ್ತಿದ್ದ ಕಸುಬಿನಿಂದ ಅವರಿಗೆ ಆ ಹೆಸರು ಬಂದಿತೆನ್ನುತ್ತಾರೆ. ಬ್ರಿಟಿಷರ ಪೊಲೀಸ್ ಗ್ರಂಥಗಳು ಇಡೀ ಸಮುದಾಯವನ್ನೇ ಖೋಟಾ ನಾಣ್ಯ ತಯಾರಕರೆಂದು ಬಣ್ಣಿಸಿದವು. ಕರ್ನಾಟಕದ ಹಿಂದುಳಿದ ವರ್ಗಗಳ ಪ್ರವರ್ಗ 1ರಲ್ಲಿ ಇಂದು ಅವರ ಹೆಸರಿದೆ. ನಮ್ಮಲ್ಲಿ ಎಷ್ಟು ಮಂದಿಗೆ ಈ ಸಹೋದರರ ಪರಿಚಯವಿದೆ?

ಈ ಕಾಯ್ದೆಯ ಅತ್ಯಂತ ಕ್ರೂರವಾದ ಅಂಶ ಹಾಜರಿಯೂ ಅಲ್ಲ, ಬೇಲಿಯೂ ಅಲ್ಲ. ಒಂದು ಕುಲವನ್ನು ಅಪರಾಧಿಯೆಂದು ಹೊರಡಿಸಿದ ಅಧಿಸೂಚನೆಯ ಸಿಂಧುತ್ವವನ್ನು ಯಾವ ನ್ಯಾಯಾಲಯವೂ ಪ್ರಶ್ನಿಸುವಂತಿರಲಿಲ್ಲ. ಕೊಲೆಗಾರನಿಗೂ ‘ನಾನು ನಿರಪರಾಧಿ’ ಎಂದು ವಾದಿಸುವ ಅವಕಾಶವಿರುತ್ತದೆ. ಇವರ ಕುಲಕ್ಕೆ ಹಚ್ಚಿದ ಕಳಂಕದ ವಿರುದ್ಧ ವಾದಿಸಲು ಕಟಕಟೆಯೇ ಇರಲಿಲ್ಲ.

ಇತಿಹಾಸದ ವಿಚಿತ್ರವೆಂದರೆ, ಅದೇ 1871ರ ಏಪ್ರಿಲ್‌ನಲ್ಲಿ ಅಮೆರಿಕದಲ್ಲಿ ಇದಕ್ಕೆ ತೀರಾ ವಿರುದ್ಧವಾದ ಕಾನೂನೊಂದು ಜನ್ಮ ತಾಳಿತ್ತು. ಗುಲಾಮಗಿರಿಯಿಂದ ಬಿಡುಗಡೆ ಹೊಂದಿದ ಕರಿಯರನ್ನು ಕು ಕ್ಲಕ್ಸ್ ಕ್ಲಾನ್ ಎಂಬ ಬಿಳಿಯರ ಗುಂಪು ಹಿಂಸಿಸುತ್ತಿದ್ದಾಗ ಸ್ಥಳೀಯ ಅಧಿಕಾರಿಗಳು ಕಣ್ಣುಮುಚ್ಚಿ ಕುಳಿತಿದ್ದರು. ಆಗ ಬಂದ ನಾಗರಿಕ ಹಕ್ಕುಗಳ ಕಾಯ್ದೆ, ಸರಕಾರಿ ಅಧಿಕಾರ ಚಲಾಯಿಸಿ ಸಂವಿಧಾನದತ್ತ ಹಕ್ಕನ್ನು ಕಸಿದವರ ವಿರುದ್ಧ ನೊಂದವನು ದಾವೆ ಹೂಡಬಹುದೆಂದಿತು. ಒಂದೇ ವರ್ಷದಲ್ಲಿ ಅಲ್ಲಿ ನ್ಯಾಯಾಲಯದ ಬಾಗಿಲನ್ನು ತೆರೆಯುವ ಕಾನೂನು, ಇಲ್ಲಿ ಮುಚ್ಚುವ ಕಾನೂನು.

ತೆರೆದ ಬಾಗಿಲೊಳಗೆ ಹೋಗಲೂ ಅಲ್ಲಿನವರಿಗೆ ಸುಮಾರು ತೊಂಬತ್ತು ವರ್ಷ ಹಿಡಿಯಿತು. 1958ರ ಅಕ್ಟೋಬರ್‌ನಲ್ಲಿ ಚಿಕಾಗೋ ನಗರದ 13 ಪೊಲೀಸರು ಮುಂಜಾನೆ ಜೇಮ್ಸ್ ಮನ್ರೋ ಎಂಬ ಕರಿಯನ ಮನೆಗೆ ನುಗ್ಗಿ, ದಂಪತಿಗಳನ್ನು ಹಾಸಿಗೆಯಿಂದೆಬ್ಬಿಸಿ ಬೆತ್ತಲೆ ನಿಲ್ಲಿಸಿ, ಮನೆಯನ್ನೆಲ್ಲ ಜಾಲಾಡಿದರೆಂಬುದು ಅವರ ದೂರು. ಆತನನ್ನು ಹತ್ತು ಗಂಟೆ ಕೂಡಿಹಾಕಿ, ಆರೋಪವನ್ನೇ ಹೊರಿಸದೆ ಬಿಟ್ಟುಬಿಟ್ಟರು. 1961ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ಆ 1871ರ ಕಾಯ್ದೆಯಡಿ ಪೊಲೀಸರ ಮೇಲೆ ದಾವೆ ಹೂಡಬಹುದೆಂದು ತೀರ್ಪಿತ್ತಿತು. 1964ರಲ್ಲಿ ಇಲಿನಾಯ್ ರಾಜ್ಯದ ಕೈದಿ ಥಾಮಸ್ ಕೂಪರ್, ತನಗೆ ಧಾರ್ಮಿಕ ಗ್ರಂಥಗಳನ್ನು ಕೊಳ್ಳಲು ಬಿಡುತ್ತಿಲ್ಲವೆಂದು ಹೂಡಿದ ದಾವೆಯನ್ನೂ ಅದೇ ನ್ಯಾಯಾಲಯ ವಿಚಾರಣೆಗೆ ಅರ್ಹವೆಂದಿತು. ಆತ ‘ನೇಶನ್ ಆಫ್ ಇಸ್ಲಾಮ್’ ಎಂಬ ಕರಿಯರ ಸಂಘಟನೆಗೆ ಸೇರಿದವನು. ಆ ಸಂಘಟನೆಯ ಕೆಲವು ನಂಬಿಕೆಗಳನ್ನು ನಾವು ಒಪ್ಪಲಾರೆವು. ಆದರೆ ಕೈದಿಯೂ ಹಕ್ಕಿರುವ ಮನುಷ್ಯನೆಂಬ ತತ್ವ ಆ ದೇಶದಲ್ಲಿ ಬೇರೂರಲು ಇಂತಹ ಕೈದಿಗಳ ಹಠವೇ ಕಾರಣವಾಯಿತು.

ನಮ್ಮಲ್ಲಿ ಅಪರಾಧಿ ಬುಡಕಟ್ಟುಗಳ ಕಾಯ್ದೆ 1952ರ ಆಗಸ್ಟ್ 31ರಂದು ರದ್ದಾಯಿತು. ಸ್ವಾತಂತ್ರ್ಯ ಬಂದು ಐದು ವರ್ಷಗಳಾದ ಮೇಲೆ! ವಿಮುಕ್ತ ಸಮುದಾಯಗಳು ಇಂದಿಗೂ ಆ ದಿನವನ್ನೇ ತಮ್ಮ ವಿಮುಕ್ತಿ ದಿನವೆಂದು ಆಚರಿಸುತ್ತವೆ. ಆದರೆ ರಾಜ್ಯಗಳು ‘ರೂಢಿಗತ ಅಪರಾಧಿ’ ಕಾಯ್ದೆಗಳನ್ನು ತಂದವು. ಅಂದಿನ ಮೈಸೂರು ರಾಜ್ಯವೂ 1961ರಲ್ಲಿ ತಂದಿತು. ಇವು ಕುಲವನ್ನಲ್ಲ, ವ್ಯಕ್ತಿಯನ್ನು ನೋಡಬೇಕಾದ ಕಾಯ್ದೆಗಳು. ಆದರೂ ಹಳೆಯ ಸಂಶಯ ಹೊಸ ಹೆಸರಿನಡಿ ಉಳಿಯಿತು. ಕೆಲವು ರಾಜ್ಯಗಳ ಕಾರಾಗೃಹ ಕೈಪಿಡಿಗಳು ಅಲೆಮಾರಿ ಬುಡಕಟ್ಟಿನವರನ್ನು ರೂಢಿಗತ ಅಪರಾಧಿಗಳ ಸಾಲಿನಲ್ಲಿ ಸೇರಿಸಿದ್ದವು. ಶುಚಿಗೊಳಿಸುವ ಕೆಲಸ ಯಾವ ಜಾತಿಯ ಕೈದಿಗೆ, ಅಡುಗೆಯ ಕೆಲಸ ಯಾವ ಜಾತಿಯವನಿಗೆ ಎಂಬುದನ್ನೂ ಬರೆದಿಟ್ಟಿದ್ದವು.

ಪತ್ರಕರ್ತೆ ಸುಕನ್ಯಾ ಶಾಂತಾ ಈ ಸಂಗತಿಯನ್ನು 2020ರಲ್ಲಿ ವರದಿ ಮಾಡಿ, ಬಳಿಕ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. 2024ರ ಅಕ್ಟೋಬರ್ 3ರಂದು ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್, ನ್ಯಾಯಮೂರ್ತಿಗಳಾದ ಜೆ.ಬಿ. ಪಾರ್ದೀವಾಲಾ ಮತ್ತು ಮನೋಜ್ ಮಿಶ್ರಾ ಅವರ ಪೀಠ ಆ ನಿಯಮಗಳು ಸಂವಿಧಾನದ 14, 15, 17, 21 ಮತ್ತು 23ನೆಯ ವಿಧಿಗಳಿಗೆ ವಿರುದ್ಧವೆಂದು ಘೋಷಿಸಿತು. ಮೂರು ತಿಂಗಳೊಳಗೆ ಕೈಪಿಡಿಗಳನ್ನು ತಿದ್ದಬೇಕು, ಕೈದಿಗಳ ದಾಖಲೆಯಲ್ಲಿರುವ ಜಾತಿಯ ಕಾಲಂ ಅಳಿಸಬೇಕು, ವಿಮುಕ್ತ ಸಮುದಾಯದವರನ್ನು ಮನಬಂದಂತೆ ಬಂಧಿಸಬಾರದು ಎಂದು ಆದೇಶಿಸಿತು. 1871ರಲ್ಲಿ ಮುಚ್ಚಿದ ಬಾಗಿಲಿನ ಬಳಿ, 153 ವರ್ಷಗಳ ನಂತರ, ದೇಶದ ಅತ್ಯುನ್ನತ ನ್ಯಾಯಾಲಯವೇ ಅವರ ಪರವಾಗಿ ಮಾತಾಡಿತು.

ನ್ಯಾಯಾಲಯ ಕೈಪಿಡಿಯಲ್ಲಿರುವ ಕಾಲಂ ಅಳಿಸಬಲ್ಲದು. ನಮ್ಮ ಮನಸ್ಸಿನ ಕಾಲಂ ಅಳಿಸಬೇಕಾದವರು ನಾವೇ.

ಪವಿತ್ರ ಕುರ್‌ಆನಿನ ‘ಅನ್ನಿಸಾ’ ಅಧ್ಯಾಯದ 105ನೆಯ ಸೂಕ್ತದಿಂದ ಮುಂದಿನ ಸೂಕ್ತಗಳ ಹಿನ್ನೆಲೆಯಾಗಿ ವ್ಯಾಖ್ಯಾನಕಾರರು ಒಂದು ಪ್ರಸಂಗವನ್ನು ಉಲ್ಲೇಖಿಸಿದ್ದಾರೆ. ಮದೀನಾದಲ್ಲಿ ತುಅಮಾ ಎಂಬವನು ಒಂದು ಕವಚವನ್ನು ಕದ್ದು, ಅದು ಯಹೂದಿಯೊಬ್ಬರ ಮನೆಯಲ್ಲಿ ಸಿಗುವಂತೆ ಮಾಡಿದ. ಅವನ ಗೋತ್ರದವರು ತಮ್ಮವನ ಪರವಾಗಿಯೇ ನಿಂತರು. ಮುಸ್ಲಿಮನ ಮಾತಿನೆದುರು ಯಹೂದಿಯ ಮಾತಿಗೆ ಬೆಲೆಯೇನೆಂಬುದು ಅವರ ಎಣಿಕೆ. ಆಗ ದಿವ್ಯವಾಣಿ ಅವತೀರ್ಣವಾಗಿ ಆ ಯಹೂದಿಯನ್ನು ದೋಷಮುಕ್ತಗೊಳಿಸಿತು. ತನ್ನ ತಪ್ಪನ್ನು ನಿರಪರಾಧಿಯ ತಲೆಗೆ ಕಟ್ಟುವವನು ಎಂತಹ ಪಾಪವನ್ನು ಹೊರುತ್ತಾನೆಂದು ಎಚ್ಚರಿಸಿತು. ಮದ್ರಸದಲ್ಲಿ ನಾನು ಈ ಪ್ರಸಂಗವನ್ನು ಎಷ್ಟೋ ಬಾರಿ ಕಲಿಸಿದ್ದೆ. ಆದರೂ ಆ ಮುಂಜಾನೆ ಗುಡಾರಗಳತ್ತ ನಡೆಯುವಾಗ ಅದು ನನಗೆ ನೆನಪಾಗಲಿಲ್ಲ.

ನಮ್ಮ ಮಕ್ಕಳ ಹೆಸರು ಕೇಳಿದೊಡನೆ ಯಾರಾದರೂ ಸಂಶಯದಿಂದ ನೋಡಿದರೆ ನಮ್ಮ ಎದೆ ಉರಿಯುತ್ತದೆ. ಉರಿಯಲೇಬೇಕು. ಆದರೆ ಅದೇ ಕಣ್ಣಿನಿಂದ ನಾವು ಕೊರಚ, ಕೊರಮ, ಹರಣಶಿಕಾರಿ, ಪಾರ್ಧಿ ಮಕ್ಕಳನ್ನು ನೋಡಿದರೆ ನಮ್ಮ ದೂರಿಗೆ ಎಲ್ಲಿಯ ಬಲ? ಒಬ್ಬನ ಪಾಪದ ಹೊರೆಯನ್ನು ಇನ್ನೊಬ್ಬ ಹೊರಲಾರನೆಂಬ ಕುರ್‌ಆನಿನ ನಿಯಮ ನಮ್ಮ ಮೊಹಲ್ಲಾದ ಗಡಿಯಲ್ಲಿ ನಿಂತುಬಿಡುವುದಿಲ್ಲ.

ಅಪವಾದಕ್ಕೆ ಗುರಿಯಾಗಿ ಸೆರೆವಾಸ ಅನುಭವಿಸಿದ ಪ್ರವಾದಿ ಯೂಸುಫ್(ಅ) ಬಿಡುಗಡೆಯ ಕರೆ ಬಂದಾಗಲೂ ಕೂಡಲೇ ಹೊರಬರಲಿಲ್ಲ. ತಮ್ಮ ಮೇಲಿನ ಆರೋಪದ ವಿಚಾರಣೆ ಮೊದಲು ನಡೆಯಲೆಂದರು. ಮನುಷ್ಯನಿಗೆ ಬಿಡುಗಡೆಯಷ್ಟೇ ಸಾಲದು, ಕಳಂಕವೂ ತೊಳೆಯಬೇಕು. ಗಂಟು ಬಿಚ್ಚಿ ತೋರಿಸಿದ ಆ ವೃದ್ಧೆಗೆ ನಾವು ಕೊಡಬೇಕಾದ ಸಾಲ ಅದು. ಆಕೆ ಎಲ್ಲಿರುವಳೋ ತಿಳಿಯದು. ಅವಳ ಜನ ಮತ್ತೆ ನಮ್ಮೂರಿಗೆ ಬಂದಾಗ ಅವರನ್ನು ನೆರೆಯವರೆಂದು ಕಾಣುವ ಮನಸ್ಸನ್ನು ಅಲ್ಲಾಹನು ನಮಗೂ ನಮ್ಮ ಮಕ್ಕಳಿಗೂ ಅನುಗ್ರಹಿಸಲಿ. ಆಮೀನ್.